ಯಲಹಂಕದ ಒಬ್ಬ ಮನೆ ದಲ್ಲಾಳಿಯ ಸೇವೆ: ನಮ್ಮ ಅನುಭವ
ಯಲಹಂಕದ ಕಡೆ ಮನೆ ಕೊಳ್ಳಲು ನಾವು ಆಶ್ರಯಿಸಿದ ಈ ದಲ್ಲಾಳಿಯ ಸೇವೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಬಿ ಖಾತೆಯ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಪೂರ್ಣ ಕ್ರಮಬದ್ಧವಲ್ಲದ ಮನೆಯನ್ನು ಕ್ರಮಬದ್ಧವಾದ ಎ ಖಾತೆಯದೆಂದು ನಂಬಿಸಿ, ಬೇರೊಬ್ಬರು ನಾಳೆಯೇ ಮುಂಗಡ ಕೊಡಲಿದ್ದಾರೆಂದು ಅವಸರಪಡಿಸಿದ ಅವರು, ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ (ಇಸಿ) ಕೇಳಿದಾಗಲೆಲ್ಲ ಹಳೆಯ ಅವಧಿಯ ಪ್ರತಿಯನ್ನಷ್ಟೇ ತೋರಿಸಿದರು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ನಾವೇ ಹೊಸ ಪ್ರತಿ ಪಡೆದಾಗ, ಆ ಆಸ್ತಿಯ ಮೇಲೆ ಬ್ಯಾಂಕಿನ ಅಡಮಾನ ಇನ್ನೂ ತೀರದೆ ಉಳಿದಿರುವುದು ಕಂಡುಬಂದಿತು. ಖಾತೆಯ ವಿಷಯದಲ್ಲಿ ಅವರಿಗೇ ಗೊಂದಲವಿದ್ದಿರಬಹುದು. ಸಾಲವನ್ನು ಬಚ್ಚಿಟ್ಟದ್ದು ಮಾತ್ರ ಅಕ್ಷಮ್ಯ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತ ಯೋಜನೆಗಳ ಮನೆ ಮಾರಿಸುವ ಏಜೆಂಟರಿಗೆ 2016ರ ಕಾಯ್ದೆಯಡಿ ನೋಂದಣಿ ಕಡ್ಡಾಯವಾಗಿದ್ದರೂ, ಅಂತಹ ಅಪಾರ್ಟ್‌ಮೆಂಟುಗಳನ್ನೂ ತೋರಿಸುವ ಇವರ ಬಳಿ ನೋಂದಣಿ ಸಂಖ್ಯೆಯೇ ಇರಲಿಲ್ಲ. ಮೊದಲೇ ಪಡೆದ ಕಮಿಷನ್ ಹಣವನ್ನು ಹಿಂತಿರುಗಿಸಲು ಈಗ ನಿರಾಕರಿಸುತ್ತಿದ್ದಾರೆ.