ಕಬ್ಬಿನ ಕಾಟಾದ ಕಂಪ್ಯೂಟರ್‌ಗೆ ವಿಂಡೋಸ್ 10, ವಿಂಡೋಸ್ 11, ಲಿನಕ್ಸ್ ಮಿಂಟ್: ನಾನು ಹಳೆಯದಕ್ಕೇ ಮರಳಿದ್ದೇಕೆ

ಮುಧೋಳ ರಸ್ತೆಯ ಖಾಸಗಿ ಕಾಟಾವೊಂದರ (ಕಬ್ಬಿನ ಗಾಡಿಗಳನ್ನು ತೂಗುವ ಜಾಗ) ಕಂಪ್ಯೂಟರ್ ಅನ್ನು 2016ರಿಂದ ನೋಡಿಕೊಳ್ಳುತ್ತಿರುವ ನನಗೆ ವಿಂಡೋಸ್ 10 ಬಿಡುವ ಮನಸ್ಸು ಮೊದಲಿನಿಂದಲೂ ಇರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ (ಭದ್ರತಾ ಅಪ್‌ಡೇಟ್) ಮುಗಿಯುತ್ತದೆಂಬ ಸುದ್ದಿಯನ್ನು ಮಾಲೀಕರು ಮೊಬೈಲಿನಲ್ಲಿ ಓದಿದ್ದರು. ಹಳೆಯ ಯಂತ್ರದಲ್ಲಿರುವುದು ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರ್, ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಹೀಗಾಗಿ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ ಅವರು 38,000 ರೂಪಾಯಿ ಕೊಟ್ಟು ವಿಂಡೋಸ್ 11 ಇರುವ ಹೊಸ ಯಂತ್ರವನ್ನು ತಂದೇಬಿಟ್ಟರು.

ತೊಡಕು ಬಂದದ್ದು ತೂಕದ ಕೇಬಲ್‌ನಲ್ಲಿ. ತೂಕ ತೋರಿಸುವ ಕಾಟಾದ ಇಂಡಿಕೇಟರ್‌ನಿಂದ ಅಂಕಿಗಳು ಸೀರಿಯಲ್ ಕೇಬಲ್ ಮೂಲಕ ಬರುತ್ತವೆ. ಕಂಪ್ಯೂಟರಿಗೆ ಆ ಕೇಬಲ್ ಸಿಕ್ಕಿಸುವ ಪೋರ್ಟ್ ಇಲ್ಲದ ಕಾರಣ ನಡುವೆ ನೀಲಿ ಬಣ್ಣದ ಒಂದು ಯುಎಸ್‌ಬಿ ಕನ್ವರ್ಟರ್ ಇದೆ. ಹೊಸ ಯಂತ್ರಕ್ಕೆ ಅದನ್ನು ಸಿಕ್ಕಿಸಿದ ಕೂಡಲೇ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಮೂಡಿತು. ಕನ್ವರ್ಟರ್ ಒಳಗಿನ ಈ ಚಿಪ್ಪನ್ನು 2012ರಿಂದ ಕೈಬಿಡಲಾಗಿದೆ, ಮಾರಿದವರನ್ನು ಸಂಪರ್ಕಿಸಿ ಎಂಬ ಒಕ್ಕಣೆ ಅದರ ಪಕ್ಕದಲ್ಲಿತ್ತು. ಮಾರಿದವರು ಯಾರೆಂದು ಈಗ ಯಾರಿಗೆ ನೆನಪಿರುತ್ತದೆ? ಚಿಪ್ ಕೆಟ್ಟಿರಲಿಲ್ಲ, ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಹೊಸ ಡ್ರೈವರ್ ಹಳೆಯ ಚಿಪ್ಪನ್ನು ಗುರುತಿಸಿದರೂ ಬೇಕೆಂದೇ ನಿರಾಕರಿಸುತ್ತದೆ.

ಹಳೆಯ ಡ್ರೈವರನ್ನು ಪಟ್ಟಿಯಿಂದ ಕೈಯಾರೆ ಆರಿಸಿದ ಮೇಲೆ ಪೋರ್ಟ್ ಏನೋ ಬಂತು, ಆದರೆ ಅದರ ಸಂಖ್ಯೆ ಕಾಮ್ 7 ಆಗಿತ್ತು. ನಮ್ಮ ತೂಕದ ಸಾಫ್ಟ್‌ವೇರ್‌ಗೆ ಕಾಮ್ 4ರ ಆಚೆ ಲೋಕವೇ ಇಲ್ಲ. ಅದನ್ನೂ ಬದಲಿಸಿ, ತೂಕದ ಚೀಟಿ ತೆಗೆದು ನೋಡಿ ಮನೆಗೆ ಬಂದೆ. ಮೂರನೆಯ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು: "ಸರ, ತೂಕ ಬರವಲ್ದ್ರಿ, ಹದಿನಾಲ್ಕು ಟ್ರ್ಯಾಕ್ಟರ್ ನಿಂತಾವ್ರಿ." ಇಂಟರ್‌ನೆಟ್ ಸಿಕ್ಕೊಡನೆ ಹೊಸ ಡ್ರೈವರ್ ತಾನಾಗಿ ಬಂದು ಹಳೆಯದರ ಜಾಗದಲ್ಲಿ ಕುಳಿತಿತ್ತು. ಚಾಲಕರು ಎಂಜಿನ್ ಬಂದ್ ಮಾಡಿ, ಕಬ್ಬು ಸಿಗಿಯುತ್ತ ಕಿಟಕಿಯಲ್ಲಿ ಇಣುಕುತ್ತಿದ್ದರು. ನಾನು ಹೊಸ ಯಂತ್ರವನ್ನು ಬಿಚ್ಚಿಟ್ಟು ಹಳೆಯದನ್ನು ಜೋಡಿಸಿದೆ. ಹತ್ತು ನಿಮಿಷದಲ್ಲಿ ಮೊದಲ ಚೀಟಿ ಹೊರಬಂತು.

ಐದುನೂರು ರೂಪಾಯಿಯ ಹೊಸ ಕನ್ವರ್ಟರ್ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎನ್ನುವುದು ನಿಜ, ಆದರೆ ರಾತ್ರಿ ಹನ್ನೊಂದಕ್ಕೆ ಅದನ್ನು ಕೊಡುವ ಅಂಗಡಿ ನಮ್ಮಲ್ಲಿಲ್ಲ. ಹಳೆಯ ಯಂತ್ರಕ್ಕೂ ರೋಗಗಳಿವೆ. ಕರೆಂಟ್ ಹೋಗಿ ಬಂದರೆ ಪ್ರಿಂಟರಿಗೆ ಕೆಲಸ ಕಳಿಸುವ ಪ್ರಿಂಟ್ ಸ್ಪೂಲರ್ ನಿಲ್ಲುತ್ತದೆ, ಆದರೆ ಅದನ್ನು ಮತ್ತೆ ಚಾಲೂ ಮಾಡುವುದನ್ನು ಕಾಟಾದ ಹುಡುಗನೂ ಕಲಿತಿದ್ದಾನೆ. ಕಂಪ್ಯೂಟರಿನವರೇ ಹೊಸದಕ್ಕೆ ಹೆದರುತ್ತೀರಿ ಎಂದು ಮಾಲೀಕರು ನಗುತ್ತಾರೆ. ಹೊಸದರ ರೋಗಗಳನ್ನು ಹಂಗಾಮಿನ ನಡುವೆ, ಟ್ರ್ಯಾಕ್ಟರಿನವರ ಎದುರಿನಲ್ಲಿ ಕಲಿಯಬೇಕಾದವನು ನಾನೇ ಅಲ್ಲವೇ?

ವಿಂಡೋಸ್ 11 ಬೇಗ ತೆರೆದುಕೊಳ್ಳುತ್ತದೆ, ಕಿಟಕಿಗಳನ್ನು ಅಕ್ಕಪಕ್ಕ ಜೋಡಿಸುವುದೂ ಸುಲಭ.

ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್ ಮಿಂಟ್ 22 ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿದೆ ಮತ್ತು ಅದಕ್ಕೆ 2029ರವರೆಗೆ ಬೆಂಬಲವಿದೆ. ಅದೇ ನೀಲಿ ಕನ್ವರ್ಟರ್‌ಗೆ ಬೇಕಾದ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇರುವುದರಿಂದ, ಬಳಕೆದಾರನನ್ನು ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಿದ್ದಷ್ಟೇ, ಅಂಕಿಗಳು ಹರಿದು ಬಂದವು. ಕನ್ನಡ ಟೈಪಿಸುವ ಕಗಪ ಕೀಲಿಮಣೆಯೂ ಅದರಲ್ಲಿದೆ. ಆದರೆ ತೂಕದ ಸಾಫ್ಟ್‌ವೇರ್ ಇರುವುದು ವಿಂಡೋಸ್‌ಗೆ ಮಾತ್ರ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ತೆರೆದರೆ ಪರದೆ ಸರಿಯಾಗಿ ಕಂಡರೂ ಚೀಟಿ ಅರ್ಧ ಸಾಲಿಗೆ ಕತ್ತರಿಸಿ ಬರುತ್ತದೆ, ಖಾಲಿ ಗಾಡಿಯ ತೂಕ ಕಾಣದ ಚೀಟಿಯನ್ನು ಯಾವ ರೈತನೂ ಒಪ್ಪುವುದಿಲ್ಲ.

ಆದ್ದರಿಂದ ಕಾಟಾದಲ್ಲಿ ವಿಂಡೋಸ್ 10 ಉಳಿದಿದೆ, ಬೆಂಬಲ ಮುಗಿದ ಕಾರಣ ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತಿಟ್ಟಿದ್ದೇನೆ. ಸಂಜೆಗೊಮ್ಮೆ ಪೆನ್‌ಡ್ರೈವ್‌ನಲ್ಲಿ ಲೆಕ್ಕವನ್ನು ಹೊಸ ಯಂತ್ರಕ್ಕೆ ಒಯ್ಯುತ್ತೇವೆ. ಅದು ಈಗ ಆಫೀಸಿನ ಮೇಜಿನ ಮೇಲೆ ಜಿಎಸ್‌ಟಿ ಕೆಲಸಕ್ಕಿದೆ. ಇಂಟರ್‌ನೆಟ್ ಬೇಕೇ ಬೇಕೆನ್ನುವವರಿಗೆ ನನ್ನ ಈ ಏರ್ಪಾಡು ಹೊಂದುವುದಿಲ್ಲ. ಹಂಗಾಮು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಎರಡು ಹೊಸ ಕನ್ವರ್ಟರ್ ತಂದಿಟ್ಟುಕೊಂಡು, ಖಾಲಿ ಕಾಟಾದ ಮೇಲೆ ನನ್ನ ಬೈಕನ್ನೇ ನಿಲ್ಲಿಸಿ, ವಿಂಡೋಸ್ 11ರಲ್ಲಿ ಒಂದು ವಾರ ತೂಗಿ ನೋಡುವವನಿದ್ದೇನೆ.