ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಎರಡು ಗಂಟೆಯ ದೋಣಿಯಾನ

ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋಗುವ ರಸ್ತೆಯ ಕೊನೆಯ ಭಾಗದಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ನಡುವೆ ಮನೆಗಳಿಗೂ ತೆಂಗಿನ ಮರಗಳಿಗೂ ಸಾಕಾಗುವಷ್ಟೇ ನೆಲ. ಸೀತಾ ಮತ್ತು ಸುವರ್ಣಾ ನದಿಗಳು ಸಮುದ್ರ ಸೇರುವ ಈ ಅಳಿವೆಯಲ್ಲಿ ವಲಸೆ ಹಕ್ಕಿಗಳನ್ನು ನೋಡಲೆಂದೇ ಜನವರಿಯ ಒಂದು ಬೆಳಿಗ್ಗೆ ಸ್ಥಳೀಯ ಮೀನುಗಾರರೊಬ್ಬರ ದೋಣಿಯನ್ನು ಗೊತ್ತುಮಾಡಿಕೊಂಡಿದ್ದೆವು.

ಏಳು ಗಂಟೆಗೇ ಹೊರಡೋಣವೆಂದರೆ ಅವರು ಒಪ್ಪಲಿಲ್ಲ. “ನೀರು ಇಳಿಯಲಿ ಮಾರಾಯ್ರೇ, ಕೆಸರು ಕಾಣದೆ ಹಕ್ಕಿ ಇಳಿಯುವುದಿಲ್ಲ” ಎಂದು ಒಂಬತ್ತೂವರೆಗೆ ಬರಹೇಳಿದರು. ಈ ಸೇವೆಯನ್ನು ನಾನು ಮೆಚ್ಚಿದ್ದು ಮೊದಲಿಗೆ ಇದೇ ಕಾರಣಕ್ಕೆ. ಉಬ್ಬರದಲ್ಲಿ ಅಳಿವೆಯೆಂದರೆ ಬರಿಯ ನೀರಿನ ಹರವು; ಇಳಿತದಲ್ಲಿ ಕೆಸರುದಿಣ್ಣೆಗಳು ಮೇಲೆದ್ದಾಗಲೇ ಏಡಿ, ಹುಳು, ಮರುವಾಯಿಯಂಥ ಚಿಪ್ಪುಜೀವಿಗಳು ಕೊಕ್ಕಿಗೆ ಎಟುಕುತ್ತವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಜರುಗುವುದರಿಂದ, ಹೊರಡುವ ಸಮಯವನ್ನು ದೋಣಿಯವರನ್ನೇ ಕೇಳಿ ನಿಗದಿಮಾಡಿಕೊಳ್ಳುವುದು ಒಳ್ಳೆಯದು.

ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ ಬಂದೊಡನೆ ಅವರು ಇಂಜಿನ್ ನಿಲ್ಲಿಸಿ, ಗಳದಿಂದ ದೋಣಿಯನ್ನು ಮೆಲ್ಲಗೆ ನೂಕುತ್ತಾ ಸಾಗಿದರು. ಹತ್ತು ಮಾರು ದೂರದಲ್ಲಿ, ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಒಂದು ಬಿಲದಿಂದ ಏಡಿಯನ್ನು ಎಳೆದು, ಕಾಲುಗಳು ಕಳಚಿ ಬೀಳುವವರೆಗೂ ಕೊಡವಿ, ನೀರಿನಲ್ಲಿ ಅದ್ದಿ ನುಂಗಿತು. ಮರಳುದಿಣ್ಣೆಯ ಮೇಲೆ ನೂರಾರು ಕಡಲಕ್ಕಿಗಳು ಗಾಳಿಗೆ ಮುಖಮಾಡಿ ಕುಳಿತಿದ್ದವು. ಲಡಾಖ್ ಮತ್ತು ಟಿಬೆಟಿನ ಎತ್ತರದ ಸರೋವರಗಳ ಬಳಿ ಮರಿಮಾಡುವ ಕಂದು ತಲೆಯ ಕಡಲಕ್ಕಿಯ ತಲೆ ಚಳಿಗಾಲದಲ್ಲಿ ಬೆಳ್ಳಗೇ ಇದ್ದು, ಕಣ್ಣಿನ ಹಿಂದೆ ಕಪ್ಪು ಬೊಟ್ಟೊಂದು ಮಾತ್ರ ಕಾಣುತ್ತದೆ. ಹೆಸರನ್ನು ನಂಬಿ ಹುಡುಕುವವರಿಗೆ ಇದು ತಿಳಿದಿದ್ದರೆ ಚೆನ್ನ.

ಅಷ್ಟರಲ್ಲಿ ಇನ್ನೊಂದು ದೋಣಿ ಹಾಡು ಹಾಕಿಕೊಂಡು ನೇರವಾಗಿ ದಿಣ್ಣೆಯತ್ತ ನುಗ್ಗಿತು. ಹಿಂಡು ಒಮ್ಮೆಗೇ ಮೇಲೆದ್ದಾಗ ಅದರಲ್ಲಿದ್ದವರು ಫೋಟೋ ತೆಗೆದುಕೊಂಡರು. ನನಗೆ ತುಂಬ ಸಂಕಟವಾಯಿತು. ಸಾವಿರಾರು ಕಿಲೋಮೀಟರ್ ಹಾರಿ ಬಂದು, ಮರಳಿ ಹೋಗುವುದಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಡಬೇಕಾದ ಹಕ್ಕಿಗೆ ಹೀಗೆ ಮತ್ತೆ ಮತ್ತೆ ಗಾಬರಿಯಿಂದ ಏಳುವುದೆಂದರೆ ತಿಂದದ್ದೆಲ್ಲ ವ್ಯರ್ಥವಾದಂತೆ. ನಮ್ಮ ದೋಣಿಯವರು ಏನೂ ಹೇಳದೆ, ಹಿಂಡು ಮತ್ತೆ ಇಳಿಯುವವರೆಗೂ ದೋಣಿಯನ್ನು ದೂರದಲ್ಲೇ ತಡೆದು ನಿಲ್ಲಿಸಿದರು; ಆ ಇಪ್ಪತ್ತು ನಿಮಿಷವನ್ನು ನಮ್ಮ ಅವಧಿಯಲ್ಲಿ ಹಿಡಿಯಲೂ ಇಲ್ಲ.

ಲೈಫ್ ಜಾಕೆಟ್ ಎಲ್ಲರಿಗೂ ಇತ್ತು. ಆದರೆ ದೋಣಿಗೆ ನೆರಳಿನ ಮಾಡು ಇಲ್ಲ. ಹನ್ನೊಂದರ ಬಿಸಿಲನ್ನು ವಯಸ್ಸಾದವರು ತಾಳುವುದು ಕಷ್ಟ. ಹತ್ತಿ ಇಳಿಯುವ ಜಾಗದಲ್ಲಿ ಮೊಣಕಾಲುದ್ದ ನೀರು, ಕಾಲಡಿಗೆ ಚಿಪ್ಪು. ದುರ್ಬೀನು ಅವರಲ್ಲಿಲ್ಲ, ನಾವೇ ಒಯ್ಯಬೇಕು. ಹಕ್ಕಿಗಳ ಹೆಸರು ಹೇಳುವ ಮಾರ್ಗದರ್ಶಿಯನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಯಾವ ದಿಣ್ಣೆಗೆ ಯಾವ ಹಕ್ಕಿ ಯಾವಾಗ ಬರುತ್ತದೆಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತು.

ಮರಳಿ ಹೊರಡುವ ಮುನ್ನ ಕಡಲಕ್ಕಿಗಳ ತಲೆ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಬೇಕೆಂದು ಮಾರ್ಚ್ ತಿಂಗಳಿಗೆ ಅದೇ ದೋಣಿಯನ್ನು ಹೇಳಿಟ್ಟು ಬಂದಿದ್ದೇವೆ. ದಿನ ನಮ್ಮದು, ಹೊತ್ತನ್ನು ಅವರೇ ತಿಳಿಸುತ್ತಾರೆ.