ತವರಿಗೆ ಕರ್ಕೊಂಡು ಬರುವಾಗ ತಾಯಿ ಕಾರ್ಡ್ ಬಿಟ್ಟು ಬರಬೇಡಿ

ಮನೆಯಲ್ಲಿ ಚೊಚ್ಚಲ ಬಸುರಿ ಇದ್ದು, ಕುಬಸ (ಸೀಮಂತ) ಮಾಡಿ ತವರಿಗೆ ಕರ್ಕೊಂಡು ಬರುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನನ್ನ ತಂಗಿಯ ವಿಷಯದಲ್ಲಿ ನಾವು ಮಾಡಿದ ತಪ್ಪು ಇದು. ನಂದೇ ಜಾಸ್ತಿ.

ಅವಳ ಗಂಡನ ಮನೆ ಬಾಗಲಕೋಟೆ ಕಡೆ. ನಮ್ಮೂರು ತುಂಗಭದ್ರೆ ದಂಡೆಯ ಹಳ್ಳಿ. ಗಂಡನ ಮನೆಯಲ್ಲಿ ಮೂರನೇ ತಿಂಗಳಿಗೇ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿದ್ದರು, ಬಸುರಿಯ ತಪಾಸಣೆ, ಬಿಪಿ, ಬ್ಲಡ್ ಗ್ರೂಪ್ ಎಲ್ಲ ಬರೆದಿಡೋ ಸರ್ಕಾರಿ ಕಾರ್ಡ್ ಅದು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತೆ ಅಲ್ವಾ, ಅದಕ್ಕೆ ಆ ಊರಿನ ಆರೋಗ್ಯ ಕಾರ್ಯಕರ್ತೆ, ಆಶಾ ಅಕ್ಕನೇ ಬಂದು ಕರ್ಕೊಂಡು ಹೋಗುತ್ತಿದ್ದರು. ಏಳನೇ ತಿಂಗಳಲ್ಲಿ ಕುಬಸ ಆಯಿತು. ಹಸಿರು ಬಳೆ, ಸೀರೆ, ಬುಟ್ಟಿ ತುಂಬ ಕರ್ಚಿಕಾಯಿ, ಎಲ್ಲ ಎಣಿಸಿ ಗಾಡಿಗೆ ಹಾಕಿದ್ದು ನಾನೇ. ಕಾರ್ಡ್ ಎಲ್ಲಿ ಅಂತ ಕೇಳಬೇಕು ಅನ್ನೋದು ತಲೆಗೇ ಬರಲಿಲ್ಲ.

ಆಮೇಲೆ ಆಗಿದ್ದಿಷ್ಟು. ಅಲ್ಲಿಯ ಆಶಾ ತಮ್ಮ ಪುಸ್ತಕದಲ್ಲಿ 'ತವರಿಗೆ ಹೋಗಿದ್ದಾರೆ' ಅಂತ ಬರೆದುಕೊಂಡರು. ಇಲ್ಲಿಯ ಆಶಾಗೆ ಇವಳು ಬಂದದ್ದು ಗೊತ್ತಿಲ್ಲ. ಐದು ವಾರ ಯಾರೂ ಇವಳ ಬಿಪಿ ನೋಡಲಿಲ್ಲ. ಕಬ್ಬಿಣದ ಮಾತ್ರೆಯನ್ನೂ ಅವ್ವ ಬಿಡಿಸಿದ್ದಳು, ಕೂಸು ದಪ್ಪ ಆಗಿ ಹೆರಿಗೆಗೆ ತೊಂದರೆ ಆಗುತ್ತೆ ಅಂತ. ಹಾಗೇನೂ ಇಲ್ಲ, ಅದು ರಕ್ತ ಹೆಚ್ಚಲಿಕ್ಕೆ ಕೊಡೋ ಮಾತ್ರೆ.

ಕಾಲಿಗೆ ಬಾವು ಬಂತು. 'ಬಸುರಿಗೆ ಇದೆಲ್ಲ ಇದ್ದದ್ದ, ಅಂಜಬ್ಯಾಡ' ಅಂದಳು ಅವ್ವ. ಮುಖವೂ ಊದಿತು. ಮೈ ಕೈ ತುಂಬಿಕೊಂಡಿದೆ ಅಂತ ಬಂದವರೆಲ್ಲ ಹೊಗಳಿದರು. ಒಂದು ದಿನ ಬೆಳಿಗ್ಗೆ ಎಂಟಕ್ಕೆ ತಲೆನೋವು ಶುರುವಾಯಿತು. ಬಾಮ್ ಹಚ್ಚಿದೆವು. ಮಧ್ಯಾಹ್ನ 'ಅಣ್ಣಾ, ಕಣ್ಣ ಮುಂದ ಚುಕ್ಕಿ ಚುಕ್ಕಿ ಕಾಣ್ತಾವ' ಅಂದಳು. ದವಾಖಾನೆಗೆ ಹೋಗೋಣ ಅಂದರೆ ಅಪ್ಪ, ಬೀಗರನ್ನು ಕೇಳದೆ ಕರ್ಕೊಂಡು ಹೋದರೆ ನಾಳೆ ಮಾತು ಬರುತ್ತೆ ಅಂದ. ಬೀಗರು ಫೋನ್ ಎತ್ತಿದ್ದು ಸಂಜೆ. ಇವತ್ತು ಅಮಾವಾಸ್ಯೆ, ನಾಳೆ ಹೋಗಿ ಅಂದರು. ತಂಗಿ ಬಿಎ ಓದಿದವಳು. ನಿನಗೆ ಏನನಿಸುತ್ತೆ ಅಂತ ಅವಳನ್ನು ಮಾತ್ರ ನಾವ್ಯಾರೂ ಕೇಳಲಿಲ್ಲ.

ರಾತ್ರಿ ಒಂದಕ್ಕೆ ಫಿಟ್ಸ್ ಬಂತು. ಪಕ್ಕದ ಮನೆಯವರು ಕೈಗೆ ಬೀಗದ ಕೈ ಹಿಡಿಸಿದರು. ಒಬ್ಬರು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ತರಲು ಓಡಿದರು. ನಾನು 108ಕ್ಕೆ ಫೋನ್ ಮಾಡಿದೆ.

ಮೊದಲು ಹೋದ ಆಸ್ಪತ್ರೆಯಲ್ಲಿ ಡಾಕ್ಟರ್ ಇರಲಿಲ್ಲ, ಒಬ್ಬರೇ ನರ್ಸ್. ಕಾರ್ಡ್ ಎಲ್ಲಿ, ಬಿಪಿ ಯಾವಾಗಿಂದ ಇದೆ, ಬ್ಲಡ್ ಗ್ರೂಪ್ ಯಾವುದು ಅಂತ ಒಂದೇ ಸಮನೆ ಕೇಳಿದರು. ಬಿ ಪಾಸಿಟಿವ್ ಇರಬೇಕು ಅಂದೆ. ಅದು ನನ್ನ ಗ್ರೂಪ್! 'ಬಳಿ ತರಾಕ ನೆನಪಿರತೈತಿ, ಕಾರ್ಡ್ ತರಾಕ ನೆನಪಿರಂಗಿಲ್ಲ' ಅಂತ ಬೈದರು. ಬೈಯುತ್ತಲೇ ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ಬಿಪಿ ಏರಿಯೇ ಫಿಟ್ಸ್ ಬಂದದ್ದು, ಆ ಇಂಜೆಕ್ಷನ್ನೇ ಮತ್ತೆ ಫಿಟ್ಸ್ ಬರದ ಹಾಗೆ ತಡೆದಿದ್ದು ಅಂತ ಆಮೇಲೆ ಡಾಕ್ಟರ್ ಹೇಳಿದರು. ಅವರ ಬೈಗುಳಕ್ಕೆ ನನ್ನ ತಕರಾರಿಲ್ಲ.

ಬೆಳಗಿನ ಜಾವ ಆಪರೇಷನ್ ಆಯಿತು. ಹೆಣ್ಣು ಮಗು, 1.8 ಕೆಜಿ. ಹದಿನಾರು ದಿನ ಮಕ್ಕಳ ವಾರ್ಡಿನಲ್ಲಿ ಗಾಜಿನ ಆಚೆಯಿಂದಲೇ ನೋಡಿದೆವು. ಈಗ ಇಬ್ಬರೂ ಚೆನ್ನಾಗಿದ್ದಾರೆ.

ಮೂರನೇ ದಿನ ಬೀಗರು ಬಸ್ಸಿನ ಕಂಡಕ್ಟರ್ ಕೈಲಿ ಕಾರ್ಡ್ ಕಳಿಸಿದರು. ಅಲಮಾರಿನಲ್ಲಿ ಸೀರೆಯ ಕೆಳಗಿತ್ತಂತೆ. ಬ್ಲಡ್ ಗ್ರೂಪ್ ಓ ಪಾಸಿಟಿವ್. ಏಳನೇ ತಿಂಗಳ ಸಾಲಿನಲ್ಲಿ ಬಿಪಿ 140/90 ಅಂತ ಬರೆದು ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. ಪಕ್ಕದಲ್ಲಿ 'ವಾರದೊಳಗೆ ಮತ್ತೆ ತೋರಿಸಿ' ಅಂತಿತ್ತು. ಕುಬಸ ಆಗಿದ್ದು ಅದೇ ವಾರ. ಅವ್ವನಿಗೆ ಓದಲು ಬರಲ್ಲ. ಕೆಂಪಗ ಏನ್ ಬರದಾರ ಅಂತ ಕೇಳಿದಳು. ಬ್ಲಡ್ ಗ್ರೂಪ್ ಅಂದೆ.

ಬಾಣಂತಿಯರ ಸಾವಿನ ಹಿಂದೆ ಮೂರು ತಡ ಇರುತ್ತವೆ ಅಂತ 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಅನ್ನುವ ಇಬ್ಬರು ಸಂಶೋಧಕಿಯರು ಬರೆದಿದ್ದರಂತೆ. ಹೋಗಬೇಕು ಅಂತ ತೀರ್ಮಾನ ಮಾಡೋದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ನಾನು ನಮ್ಮದನ್ನು ಲೆಕ್ಕ ಹಾಕಿದೆ. ದಾರಿ, ಆಸ್ಪತ್ರೆ ಎರಡೂ ಸೇರಿ ಮೂರೂವರೆ ತಾಸು. ನಮ್ಮ ಪಡಸಾಲೆಯಲ್ಲಿ ಕಳೆದದ್ದು ಹದಿನೇಳು ತಾಸು. ರಸ್ತೆ ಸರಿ ಇಲ್ಲ, ಡಾಕ್ಟರ್ ಇಲ್ಲ ಅಂತ ಬೈಕೊಂಡು ತಿರುಗುವವನು ನಾನೇ, ಈಗ ಏನು ಹೇಳಲಿ?

ಹಾಗಾಗಿ, ಬಸುರಿ ಊರಿಗೆ ಬಂದ ದಿನವೇ ನಿಮ್ಮೂರ ಆಶಾಗೆ ಹೇಳಿ, ಕಾರ್ಡ್ ತೋರಿಸಿ, ಮುಂದಿನ ತಪಾಸಣೆ ಯಾವತ್ತು ಅಂತ ಕೇಳಿ. ಬ್ಲಡ್ ಗ್ರೂಪ್, ಬಿಪಿ ಇರೋ ಪುಟದ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಬಿಡದ ತಲೆನೋವು, ಕಣ್ಣು ಮಂಜಾಗೋದು, ಮುಖ-ಕೈ ಊದೋದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇದರಲ್ಲಿ ಒಂದು ಕಂಡರೂ ಬೀಗರಿಗೆ ಆಸ್ಪತ್ರೆ ಮುಟ್ಟಿದ ಮೇಲೆ ಫೋನ್ ಮಾಡಿ.

ದುಡ್ಡಿನ ವಿಷಯವೂ ಇದೆ. ಆಪರೇಷನ್ ಆದ ಮೇಲೆ ವಾರ್ಡಿನ ಬಾಗಿಲಲ್ಲಿ ಒಬ್ಬರು 'ಗಂಡಾದರೆ ಸಾವಿರ, ಹೆಣ್ಣಾದರೆ ಐನೂರು' ಅಂತ ಕೈ ಚಾಚಿದರು. ಗಾಬರಿಯಲ್ಲಿ ಕೊಟ್ಟುಬಿಟ್ಟೆ. ಕೊಡಬೇಡಿ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಪುಕ್ಕಟೆ. ಯಾರಾದರೂ ಕೇಳಿದರೆ 104ಕ್ಕೆ ದೂರು ಕೊಡಬಹುದು.

ಹೆರಿಗೆಯಾದ ಮೇಲೂ ಈ ಬಿಪಿ ಏರಬಹುದು, ಬಾಣಂತಿ ಕೋಣೆಗೆ ಹೋದಳು ಅಂತ ತಪಾಸಣೆ ಬಿಡಬೇಡಿ. ನನ್ನ ತಂಗಿ ಆರು ವಾರ ಮಾತ್ರೆ ತಗೊಂಡಳು. ಅಷ್ಟೂ ದಿನ ಕಾರ್ಡ್ ಅವಳ ತಲೆದಿಂಬಿನ ಕೆಳಗೇ ಇತ್ತು, ಯಾರ ಕೈಗೂ ಕೊಡಲಿಲ್ಲ.